ಕ್ರೈಸ್ತ ಪೂಜಾವಿಧಿಯಲ್ಲಿ ಧ್ವನಿ

ಶಬ್ದಕ್ಕೆ ವಾಚ್ಯ, ಲಕ್ಷ್ಯ, ವ್ಯಂಗ್ಯವೆಂದು ಮೂರು ಬಗೆಯ ಅರ್ಥಗಳುಂಟೆಂದು ಆಲಂಕಾರಿಕರು ಹೇಳುವರಷ್ಟೆ. ಪೂಜೆಯ ಕ್ರಿಯೆಗೂ ಈ ವಿಭಾಗವು ಸಲ್ಲುವುದು. ದೀಪವು ಕತ್ತಲೆಯನ್ನು ಕಳೆಯುವುದೆಂಬುದು ವಾಚ್ಯ. ದೇವರ ಮುಂದೆ ಹಚ್ಚಿದ ದೀಪವು ಅದಕ್ಕಿಂತ ಹೆಚ್ಚಿನದೊಂದನ್ನು ಧ್ವನಿಸುವುದು. ಈ ಧ್ವನಿಯನ್ನು ಗ್ರಹಿಸುವ ಶಕ್ತಿಯು ಇಂದಿನ ಮನುಷ್ಯನಲ್ಲಿ ಉಳಿದಿದೆಯೇ ಎಂಬುದು ಕಥೋಲಿಕ ಕ್ರೈಸ್ತರ ಪೂಜಾವಿಧಿಯನ್ನು ಕುರಿತ ವಿಚಾರದಲ್ಲಿ ಮುಖ್ಯ ಪ್ರಶ್ನೆಯಾಗಿದೆ.

1963ನೆಯ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯ ಸುಧಾರಣೆಗೆ ಶಾಸನವನ್ನು ಹೊರಡಿಸಿತು. ವಿಧಿಗಳು ಸರಳವಾಗಿರಬೇಕು, ಅವಕ್ಕೆ ಬಹಳ ವ್ಯಾಖ್ಯಾನವು ಬೇಕಾಗಬಾರದು ಎಂಬುದು ಅದರ ಆಶಯ. ಲ್ಯಾಟಿನ್ನಿನ ಸ್ಥಾನಕ್ಕೆ ದೇಶಭಾಷೆಗಳು ಬಂದುವು. ಇದು ಯುಕ್ತವಾದುದೇ, ತಿಳಿಯದ ಮಾತಿಗೆ ತಲೆದೂಗುವುದು ಭಕ್ತಿಯಲ್ಲ. ಆದರೆ ಮಾತು ತಿಳಿದ ಮಾತ್ರಕ್ಕೆ ಕ್ರಿಯೆಯು ತಿಳಿದಂತಾಗಲಿಲ್ಲ. ಜರ್ಮನಿಯ ಪಂಡಿತರಾದ ರೊಮಾನೊ ಗ್ವಾರ್ಡೀನಿಯವರು 1964ರಲ್ಲಿ ಬರೆದ ಪತ್ರವೊಂದರಲ್ಲಿ ಈ ಸಂದೇಹವನ್ನೇ ಎತ್ತಿದರು. 2022ರಲ್ಲಿ ಪೋಪ್ ಫ್ರಾನ್ಸಿಸರೂ ತಮ್ಮ ಪತ್ರದಲ್ಲಿ ಅದನ್ನು ಮತ್ತೆ ವಿಚಾರಕ್ಕೆ ತಂದರು.

ಪಾಸ್ಕ ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯನ್ನು ನೋಡಬಹುದು. ದೇವಾಲಯವು ಕತ್ತಲೆಯಲ್ಲಿರುವುದು. ಹೊರಗೆ ಹೊಸ ಬೆಂಕಿಯನ್ನು ಹೊತ್ತಿಸಿ, ಶಿಲುಬೆಯನ್ನೂ ಗ್ರೀಕ್ ವರ್ಣಮಾಲೆಯ ಆದ್ಯಂತ ಅಕ್ಷರಗಳನ್ನೂ ಆ ವರ್ಷದ ನಾಲ್ಕು ಅಂಕಿಗಳನ್ನೂ ಗುರುತಿಸಿದ ದೊಡ್ಡ ಮೇಣದ ಬತ್ತಿಯನ್ನು ಅದರಿಂದ ಬೆಳಗಿಸುವರು. ಆ ಒಂದೇ ಜ್ವಾಲೆಯಿಂದ ನೆರೆದವರ ಕೈಯ ಬತ್ತಿಗಳೆಲ್ಲ ಹೊತ್ತಿಕೊಳ್ಳುವುವು. ಹಂಚಿದಷ್ಟೂ ಕುಂದದ ಬೆಳಕು ಎಂಬ ಅರ್ಥವು ಇಲ್ಲಿ ಕಣ್ಣಿಗೇ ತಿಳಿಯುವುದು. ವಿದ್ಯುದ್ದೀಪಗಳನ್ನು ಉರಿಸಿಟ್ಟು, ಹೆಜ್ಜೆಹೆಜ್ಜೆಗೂ ಅರ್ಥವನ್ನು ವಿವರಿಸುತ್ತ ಹೋದರೆ ವ್ಯಂಗ್ಯವು ವಾಚ್ಯವಾಗಿ ಇಳಿದು, ರಸವು ಬತ್ತುವುದು. ಕಾವ್ಯದಲ್ಲಿ ಯಾವುದು ದೋಷವೋ ಪೂಜೆಯಲ್ಲಿಯೂ ಅದು ದೋಷವೇ.

ಭಾರತದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವುಂಟು. 1969ನೆಯ ಏಪ್ರಿಲ್ 25ರಂದು ರೋಮಿನಿಂದ ಹನ್ನೆರಡು ಮಾರ್ಪಾಟುಗಳಿಗೆ ಅನುಮತಿಯು ದೊರೆಯಿತು: ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿ, ಆರತಿ, ಮೇಣದ ಬತ್ತಿಗೆ ಬದಲಾಗಿ ಎಣ್ಣೆಯ ದೀಪ ಮೊದಲಾದುವು. ಬೆಂಗಳೂರಿನ ಕೇಂದ್ರದಲ್ಲಿ ಅಮಲೋರ್ಪವದಾಸರು ಇದಕ್ಕಾಗಿ ಬಹಳ ದುಡಿದರು. ಇದು ಹಿಂದೂ ಪೂಜೆಯ ಅನುಕರಣವೆಂದು ಕೆಲವರು ಆಕ್ಷೇಪಿಸಿದರು. ನೆಲದ ಸಂಸ್ಕೃತಿಯೇ ಸಹಜವೆಂದು ಇತರರು ವಾದಿಸಿದರು. ಎರಡು ಪಕ್ಷಗಳೂ ಸಂಕೇತವು ಯಾರದೆಂದು ಕೇಳುವುವೇ ಹೊರತು, ಅದು ಯಾರಲ್ಲಿ ಜೀವಿಸುತ್ತಿದೆಯೆಂದು ಕೇಳುವುದಿಲ್ಲ. ಮನೆಯ ಶುಭಕಾರ್ಯಗಳಲ್ಲಿ ಆರತಿಯನ್ನು ಕಂಡು ಬೆಳೆದವನಿಗೆ ಅದು ವ್ಯಾಖ್ಯಾನವಿಲ್ಲದೆಯೇ ಗೌರವವನ್ನು ಸೂಚಿಸುವುದು. ತಲೆತಲಾಂತರದಿಂದ ಮೊಣಕಾಲೂರಿಯೇ ಪ್ರಾರ್ಥಿಸಿದವನಿಗೆ ಅದು ಎರವಲಿನ ಒಡವೆ. ಕ್ಷೇಮೇಂದ್ರನು ಕಾವ್ಯಕ್ಕೆ ಜೀವವೆಂದು ಹೇಳಿದ ಔಚಿತ್ಯವೇ ಇಲ್ಲಿಯೂ ಪ್ರಮಾಣ. ಅದು ಆಜ್ಞೆಯಿಂದ ಹುಟ್ಟುವುದಲ್ಲ, ಅಭ್ಯಾಸದಿಂದ ಹುಟ್ಟುವುದು.

ಹಾಗಾದರೆ ಮಾಡತಕ್ಕದ್ದೇನು? ಪವಿತ್ರ ಸಂಕೇತಗಳನ್ನು ಕುರಿತ ತಮ್ಮ ಚಿಕ್ಕ ಪುಸ್ತಕದಲ್ಲಿ ಗ್ವಾರ್ಡೀನಿಯವರು ತತ್ತ್ವವನ್ನು ವಿಸ್ತರಿಸುವುದಿಲ್ಲ. ಮೊಣಕಾಲೂರುವುದು, ನಿಲ್ಲುವುದು, ಬಾಗಿಲನ್ನು ದಾಟುವುದು, ಇಂಥವನ್ನು ಒಂದೊಂದಾಗಿ ಎತ್ತಿಕೊಳ್ಳುವರು. ಶಿಲುಬೆಯ ಗುರುತನ್ನು ಅವಸರದಿಂದ ಗೀಚದೆ, ಹಣೆಯಿಂದ ಎದೆಗೆ, ಭುಜದಿಂದ ಭುಜಕ್ಕೆ, ನಿಧಾನವಾಗಿ, ತುಂಬುವಂತೆ ಮಾಡಬೇಕೆಂಬುದು ಅವರ ಉಪದೇಶ. ಇದರಲ್ಲಿಯೇ ಉತ್ತರವಿದೆ. ಸಂಕೇತವು ಸತ್ತಿತೆಂದು ಶೋಕಿಸುವವರು ಅದನ್ನು ಪೂರ್ಣವಾಗಿ ಆಚರಿಸಿ ನೋಡಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಅರ್ಥವನ್ನು ತಿಳಿದ ಮೇಲೆ ಕೈಮುಗಿಯುವವನು ವಿರಳ. ಕೈಮುಗಿಯುತ್ತ ಮುಗಿಯುತ್ತ ಅರ್ಥವನ್ನು ತಿಳಿದವರೇ ಲೋಕದಲ್ಲಿ ಬಹುಮಂದಿ.