ತಾಲ್ಲೂಕೆಂಬ ಅಳತೆಗೋಲು

ಸಾಮಾಜಿಕ ನೀತಿಯನ್ನು ಸ್ನಾತಕೋತ್ತರ ತರಗತಿಯಲ್ಲಿ ಓದಿದ ನಮ್ಮ ಕಡೆಯ ಹುಡುಗ ಹುಡುಗಿಯರನ್ನು ನಾನು ಬಲ್ಲೆ. ೧೯೪೨ರ ಬೆವರಿಜ್ ವರದಿ ಹೆಸರಿಸಿದ ಐದು ಪಿಡುಗುಗಳನ್ನು ಅವರು ಸಾಲಾಗಿ ಹೇಳಬಲ್ಲರು. ಕೂಡ್ಲಿಗಿಯ ಬಡತನವನ್ನು ಅಳೆದ ವರದಿ ಯಾವುದೆಂದು ಕೇಳಿದರೆ ತಡವರಿಸುತ್ತಾರೆ.

ಅಂಥ ವರದಿ ಇಲ್ಲದೆ ಇಲ್ಲ. ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿ ೨೦೦೨ರಲ್ಲಿ ಅದನ್ನು ಕೊಟ್ಟಿತು. ೩೫ ಸೂಚಿಗಳನ್ನು ಹಿಡಿದು, ಆಗಿದ್ದ ೧೭೫ ತಾಲ್ಲೂಕುಗಳನ್ನು ತೂಗಿ, ೧೧೪ ಹಿಂದುಳಿದಿವೆ ಎಂದಿತು. ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವು, ೪೦ ಅತಿ ಹಿಂದುಳಿದವು, ೩೫ ಹಿಂದುಳಿದವು. ಕೂಡ್ಲಿಗಿ, ಹರಪನಹಳ್ಳಿ ಮೊದಲ ಗುಂಪಿಗೆ ಸೇರಿದವು. ಹಡಗಲಿ, ಹಗರಿಬೊಮ್ಮನಹಳ್ಳಿ ಎರಡನೆಯದಕ್ಕೆ. ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು.

ಈ ವರದಿಯ ದೊಡ್ಡ ಗುಣವೆಂದರೆ, ಪ್ರಾಂತಗಳ ಜಗಳವನ್ನು ಅದು ತಾಲ್ಲೂಕಿಗೆ ಇಳಿಸಿತು. ಉತ್ತರವೆಲ್ಲ ಬಡವು, ದಕ್ಷಿಣವೆಲ್ಲ ಸಿರಿವಂತ ಎಂಬ ಮಾತು ಅದರ ಮುಂದೆ ನಿಲ್ಲದು. ಪಾವಗಡ, ಶಿರಾ ಕೂಡ ಕೂಡ್ಲಿಗಿಯ ಸಾಲಿನಲ್ಲೇ ಬಂದು ಕುಳಿತವು.

ಆದರೆ ತಾಲ್ಲೂಕೂ ಒಂದು ಸರಾಸರಿಯೇ. ಹಡಗಲಿ, ಹರಪನಹಳ್ಳಿಗಳ ಒಂದು ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಒಳಗಿನ ಎಷ್ಟೋ ಹಳ್ಳಿಗಳಿಗೆ ಮಳೆಯೇ ಗತಿ. ಹೊಳೆದಂಡೆಯ ಗದ್ದೆಯನ್ನೂ ಬೆದ್ದಲು ಹೊಲವನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಅಂಕಿ ಯಾವ ಊರಿನದೂ ಅಲ್ಲ. ಹತ್ತು ಸಾವಿರ ಜನಕ್ಕೆ ಆಸ್ಪತ್ರೆಯ ಹಾಸಿಗೆ ಎಷ್ಟು ಎಂಬುದನ್ನು ಸೂಚಿ ಹೇಳುತ್ತದೆ. ಬಸುರಿ ಹೆಂಗಸೊಬ್ಬಳು ಯಾವ ತಾಂಡಾದಿಂದ ಎಷ್ಟು ದೂರ ನಡೆದು ಅಲ್ಲಿಗೆ ಬರಬೇಕೆಂದು ಹೇಳುವುದಿಲ್ಲ.

ಆಡಳಿತದ ಗೆರೆ ಏನು ಮಾಡಬಲ್ಲದೆಂಬುದಕ್ಕೆ ಹರಪನಹಳ್ಳಿಗಿಂತ ಒಳ್ಳೆಯ ಪಾಠ ಬೇಡ. ೧೯೯೭ರಲ್ಲಿ ಅದು ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ೨೦೧೩ರಲ್ಲಿ ಸಂವಿಧಾನದ ೩೭೧ಜೆ ವಿಧಿಯ ವಿಶೇಷ ಸೌಲಭ್ಯ ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳಿಗೆ ಬಂದಾಗ, ಪಕ್ಕದ ಹಡಗಲಿಯ ಹುಡುಗನಿಗೆ ಸಿಕ್ಕ ಮೀಸಲು ಸೀಟು ಹರಪನಹಳ್ಳಿಯ ಹುಡುಗನಿಗೆ ಸಿಗಲಿಲ್ಲ. ಅದೂ 'ಅತ್ಯಂತ ಹಿಂದುಳಿದ' ತಾಲ್ಲೂಕೆಂದು ಹನ್ನೊಂದು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ ಮೇಲೆ! ೨೦೧೮ರಲ್ಲಿ ಅದು ಮರಳಿ ಬಳ್ಳಾರಿಗೆ ಸೇರಿತು. ೨೦೨೧ರಿಂದ ಈ ಐದೂ ಊರುಗಳು ವಿಜಯನಗರ ಜಿಲ್ಲೆಯವು. ಮಣ್ಣು, ಮಳೆ, ಗುಳೆ ಯಾವುದೂ ಬದಲಾಗಿರಲಿಲ್ಲ, ಬದಲಾದದ್ದು ಕಡತ.

ಪಟ್ಟಿಯ ಕತೆಯೂ ಹೀಗೆಯೇ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ೧೯೮೨ರ ಕಾಯ್ದೆಯಾದ ಮೇಲೆ ೧೯೯೩-೯೪ರಲ್ಲಿ, ಮತ್ತೆ ೨೦೦೭-೦೮ರಲ್ಲಿ ಸಮೀಕ್ಷೆಗಳು ನಡೆದವು. ಎರಡೂ ಸೇರಿ ರಾಜ್ಯದಲ್ಲಿ ೪೬,೬೬೦ ಹೆಂಗಸರು ಲೆಕ್ಕಕ್ಕೆ ಬಂದರು. ಮಾಸಾಶನ ಆ ಲೆಕ್ಕವನ್ನು ಹಿಡಿದೇ ನಡೆಯಿತು. ಗಣತಿಯವರು ಬಂದ ದಿನ ಊರಲ್ಲಿಲ್ಲದವಳು, ನಾಚಿ ಹೆಸರು ಹೇಳದವಳು ಹೊರಗುಳಿದಳು. ನಮ್ಮ ತಾಲ್ಲೂಕುಗಳಲ್ಲಿ ಇಂಥವರ ಮನೆ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಆದ್ದರಿಂದ ನನ್ನ ತಕರಾರು ನಂಜುಂಡಪ್ಪನವರ ಮೇಲಲ್ಲ, ಅವರನ್ನು ಓದದ, ಓದಿದರೂ ಅಂಕಕ್ಕಾಗಿ ಓದುವ ನಮ್ಮ ಪಾಠದ ಮೇಲೆ. ಬೆವರಿಜ್ ಬೇಡವೆಂದಲ್ಲ. ಇಂಗ್ಲೆಂಡಿನ ಆ ವರದಿಯನ್ನು ಅರಿಯುವುದಕ್ಕೂ ನಮ್ಮ ವರದಿಯೊಂದನ್ನು ಜಗಿದಿರಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗದಲ್ಲಿ ಟಿ.ಆರ್. ಚಂದ್ರಶೇಖರರಂಥವರು ಈ ವಿಷಯಗಳನ್ನು ಕನ್ನಡದಲ್ಲೇ ಬರೆದಿದ್ದಾರೆ. ಭಾಷೆ ಸಾಲದೆಂಬ ನೆಪವೂ ಉಳಿದಿಲ್ಲ.

ಎಂ.ಎ. ವಿದ್ಯಾರ್ಥಿಗೆ ಒಂದೇ ಕೆಲಸ ಕೊಟ್ಟರೆ ಸಾಕು: ನಿನ್ನ ತಾಲ್ಲೂಕಿನ ಅಂಕಿ ತೆಗೆದುಕೊ, ಮೂರು ಹಳ್ಳಿಗೆ ಹೋಗು, ಅಂಕಿ ಎಲ್ಲಿ ಸುಳ್ಳಾಗುತ್ತದೆ ಬರೆದು ತಾ. ನಾಳೆ ಪಟ್ಟಿ ಬರೆಯುವ ನೌಕರಿಗೆ ಹೋಗುವವರು ಇವರೇ. ಬಿಟ್ಟುಹೋದ ಹೆಸರು ಯಾವುದೆಂದು ಕೇಳುವ ಅಭ್ಯಾಸ ಕಾಲೇಜಿನಲ್ಲಿ ಬಾರದಿದ್ದರೆ ಕಚೇರಿಯಲ್ಲಿ ಬರುವುದು ಕಷ್ಟ.