ಬಯಲಿನಿಂದ ಕಂಡ ನಾಡು: ಮೈಸೂರಿನ ಚರಿತ್ರೆಯ ಆಧಾರಗಳೂ ಕಾಡಿನ ಜನರೂ

ಮೈಸೂರು ಸೀಮೆಯ ಚರಿತ್ರೆ, ಸಮಾಜ, ಆಡಳಿತಗಳನ್ನು ಕುರಿತು ಒಂದು ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ರಚಿತವಾಗಿರುವ ಗ್ರಂಥಗಳು ಅಲ್ಪವಲ್ಲ. ಅವುಗಳಲ್ಲಿ ಮೂರನ್ನು ಒಂದೆಡೆ ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ: ಬಿ. ಎಲ್. ರೈಸರ 'ಎಪಿಗ್ರಾಫಿಯ ಕರ್ನಾಟಿಕ'ದ ಮೈಸೂರು ಜಿಲ್ಲೆಯ ಸಂಪುಟಗಳು (1894, 1898), ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ 'ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್' (1928–35), ಎಂ. ಎನ್. ಶ್ರೀನಿವಾಸರ 'ದಿ ರಿಮೆಂಬರ್ಡ್ ವಿಲೇಜ್' (1976). ಮೊದಲನೆಯದು ಶಾಸನಸಂಗ್ರಹ, ಎರಡನೆಯದು ಜನಾಂಗವರ್ಣನೆ, ಮೂರನೆಯದು ಗ್ರಾಮಾಧ್ಯಯನ. ಶಾಸ್ತ್ರಗಳು ಬೇರೆಯಾದರೂ ನಾಡನ್ನು ನೋಡಲು ಇವು ಆರಿಸಿಕೊಂಡ ನೆಲೆ ಒಂದೇ ಎಂದು ನಮಗೆ ತೋರುತ್ತದೆ. ಅದು ನೀರಾವರಿಯ ಬಯಲು. ಆ ನೆಲೆಯಿಂದ ಜೇನುಕುರುಬರು, ಕಾಡುಕುರುಬರು, ಸೋಲಿಗರು ಹೇಗೆ ಕಾಣುತ್ತಾರೆ, ಹೇಗೆ ಕಾಣದೆ ಹೋಗುತ್ತಾರೆ ಎಂಬುದೇ ನಮ್ಮ ಪ್ರಶ್ನೆ.

ಈ ಬಯಲಿಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಒಳ್ಳೆಯ ನಿದರ್ಶನ. ಕಾವೇರಿಯ ನೀರು, ಬತ್ತದ ಗದ್ದೆ, ಕಬ್ಬಿನ ತೋಟ, ಹೆಸರಾಂತ ಕುರಿಯ ತಳಿ ಇವು ಆ ಸೀಮೆಯ ಸಂಪತ್ತು. ಅದರ ನೆರೆಯಲ್ಲಿಯೇ, ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಸೋಮನಾಥಪುರದ ದೇವಾಲಯವಿದೆ. ಈ ತಾಲ್ಲೂಕಿನ ಹಾಗೂ ನಂಜನಗೂಡಿನ ಶಾಸನಗಳು ರೈಸರ 1894ರ ಸಂಪುಟದಲ್ಲಿ ಸೇರಿವೆ. ಶ್ರೀನಿವಾಸರು 'ರಾಂಪುರ'ವೆಂದು ಕರೆದ ಗ್ರಾಮವೂ ಬನ್ನೂರಿಗೆ ಸಮೀಪದ ಕೊಡಗಹಳ್ಳಿಯೇ ಆಗಿದೆ.

ಮೊದಲು ಶಾಸನಗಳನ್ನು ತೆಗೆದುಕೊಳ್ಳೋಣ. ಭೂಮಿಯು ಒಬ್ಬರಿಂದ ಒಬ್ಬರಿಗೆ ಸಲ್ಲುವಾಗ ದಾನಶಾಸನ ಹುಟ್ಟುತ್ತದೆ. ಕೆರೆ, ಕಾಲುವೆ, ಗದ್ದೆ, ಬೆದ್ದಲು, ಸುಂಕ ಇವು ಅದರ ಮಾತು. ಉತ್ತ ಭೂಮಿ ಮುಗಿಯುವಲ್ಲಿ ಅದರ ಮಾತೂ ಮುಗಿಯುತ್ತದೆ. ಕಾಡಿನಂಚಿನ ಊರುಗಳಲ್ಲಿ ವೀರಗಲ್ಲುಗಳು ದೊರೆಯುವುದುಂಟು. ಆದರೆ ಅವನ್ನು ನಿಲ್ಲಿಸಿದವರು ಊರಿನವರೇ ಹೊರತು ಕಾಡಿನವರಲ್ಲ. ಇದು ರೈಸರ ದೋಷವಲ್ಲ. ಇದ್ದುದನ್ನು ಅವರು ಶ್ರದ್ಧೆಯಿಂದ ಓದಿ ಪ್ರಕಟಿಸಿದರು. ಶಾಸನದ ಮೌನವನ್ನೇ ಜನರ ಅಭಾವವೆಂದು ತಿಳಿದು, ಶಾಸನವಿಲ್ಲದವರಿಗೆ ಚರಿತ್ರೆಯೇ ಇಲ್ಲವೆಂಬಂತೆ ನಡೆದುಕೊಂಡದ್ದು ಅನಂತರ ಬಂದವರ ದೋಷ.

ಎರಡನೆಯ ಗ್ರಂಥದ ವಿಷಯದಲ್ಲಿ ಈ ಆಕ್ಷೇಪಣೆ ಸಲ್ಲದು. ಅದರಲ್ಲಿ ಕಾಡಿನ ಜನರಿಗೆ ಸ್ಥಾನವುಂಟು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾಗಿದ್ದ ನಂಜುಂಡಯ್ಯನವರು ಕೈಗೊಂಡ ಕಾರ್ಯವನ್ನು, 1920ರಲ್ಲಿ ಅವರು ನಿಧನರಾದ ಮೇಲೆ, ಅಯ್ಯರ್ ಅವರು ಪೂರ್ತಿಗೊಳಿಸಿದರು. ಮದುವೆ, ಹೆರಿಗೆ, ಸಾವು, ದೈವ, ಜೀವನೋಪಾಯ ಇವುಗಳ ವಿವರಗಳಿಗಾಗಿ ಇಂದಿಗೂ ನಾವು ಅದನ್ನೇ ತೆರೆಯಬೇಕು. ದೋಷವಿರುವುದು ವಿವರಗಳಲ್ಲಿ ಅಲ್ಲ, ಅವುಗಳನ್ನು ಜೋಡಿಸಿದ ಕ್ರಮದಲ್ಲಿ. ಅಕಾರಾದಿಯಾಗಿ ಒಂದಾದ ಮೇಲೊಂದು ಬರುವ ಜಾತಿಗಳ ನಡುವೆ ಕಾಡಿನ ಜನರೂ ಒಂದೊಂದು ಜಾತಿಯಾಗಿ ನಿಲ್ಲುತ್ತಾರೆ. ಅವರ ನೆಲವು ಅವರಿಂದ ಬೇರೆಯಾಗುತ್ತದೆ.

ಸೋಲಿಗರನ್ನೇ ನೋಡಬಹುದು. ಬಿಳಿಗಿರಿರಂಗನ ಬೆಟ್ಟವನ್ನು ಅವರು ಕುಲಕುಲಗಳ ಎಲ್ಲೆಗಳಾಗಿ ಹಂಚಿಕೊಂಡಿದ್ದಾರೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರಸ್ಥಾನಗಳಿವೆ. ಪೋಡಿನ ನ್ಯಾಯವನ್ನು ಯಜಮಾನನೂ ಪೂಜೆಯನ್ನು ತಮ್ಮಡಿಯೂ ನೋಡಿಕೊಳ್ಳುತ್ತಾರೆ. ಇದು ಬರಿಯ ಆಚಾರವಲ್ಲ. ಭೂಮಿಯ ಹಂಚಿಕೆ, ಅಧಿಕಾರ, ನ್ಯಾಯ ಮೂರೂ ಇರುವ ಒಂದು ಆಡಳಿತ. ಬಯಲಿನ ಗೌಡ, ಶ್ಯಾನುಭೋಗರ ವಿಷಯವು 'ಆಡಳಿತ'ವೆಂಬ ಅಧ್ಯಾಯಕ್ಕೆ ಸೇರಿ, ಬೆಟ್ಟದ ಯಜಮಾನನ ವಿಷಯವು 'ನಡವಳಿಕೆ'ಯೆಂಬ ಅಧ್ಯಾಯಕ್ಕೆ ಸೇರುವುದು ಯಾವ ನ್ಯಾಯವೋ ತಿಳಿಯದು.

ಸರ್ಕಾರದ ದೃಷ್ಟಿಯೂ ಇದೇ ಆಗಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದುದನ್ನು ನಮ್ಮ ಚರಿತ್ರಕಾರರು ಹೊಗಳುವುದು ಯುಕ್ತವಾಗಿಯೇ ಇದೆ. ಆದರೆ ಆರಂಭದಲ್ಲಿ ಅಲ್ಲಿಗೆ ಬಂದವರು ಭೂಮಾಲೀಕರು ಮತ್ತು ವರ್ತಕರು. ಕಂದಾಯದ ಲೆಕ್ಕದಲ್ಲಿ ಹೆಸರಿಲ್ಲದವರು ಪ್ರಜೆಗಳಾಗಿದ್ದರೂ ಪ್ರತಿನಿಧಿಗಳಾಗುವಂತಿರಲಿಲ್ಲ. 1900ರ ಮೈಸೂರು ಅರಣ್ಯ ಕಾಯಿದೆಯ ದೃಷ್ಟಿಯಲ್ಲಿ ಕಾಡು ಸರ್ಕಾರದ ಸ್ವತ್ತು. ಅಲ್ಲಿ ಹುಟ್ಟಿದವರಿಗೆ ದೊರೆಯುವುದು ಅನುಮತಿಯೇ ಹೊರತು ಹಕ್ಕಲ್ಲ. ಕಾಕನಕೋಟೆಯ ಖೆಡ್ಡಾಗಳ ವರ್ಣನೆಗಳಲ್ಲಿ ಬಂದ ಅತಿಥಿಗಳ ಹೆಸರುಗಳಿವೆ. ಆನೆಯ ಜಾಡು ಹಿಡಿದ ಕುರುಬರು ಅಲ್ಲಿ ಬರಿಯ ಗುಂಪು.

ಇನ್ನು ಶ್ರೀನಿವಾಸರ ಗ್ರಂಥ. ಬಯಲಿನ ಒಂದು ಹಳ್ಳಿಯನ್ನು ಇಷ್ಟು ಸೂಕ್ಷ್ಮವಾಗಿಯೂ ಪ್ರೀತಿಯಿಂದಲೂ ಚಿತ್ರಿಸಿದ ಕೃತಿಗಳು ವಿರಳ. 'ಪ್ರಬಲ ಜಾತಿ'ಯೆಂಬ ಅವರ ಕಲ್ಪನೆಯು 1959ರ ಲೇಖನದಲ್ಲಿ ಇದೇ ಹಳ್ಳಿಯ ಒಕ್ಕಲಿಗರನ್ನು ಆಧರಿಸಿ ವಿಸ್ತಾರಗೊಂಡಿತು. ಹಳ್ಳಿಯನ್ನು ಕುರಿತ ಪುಸ್ತಕದಲ್ಲಿ ಕಾಡನ್ನು ಹುಡುಕುವುದು ಅನ್ಯಾಯವೆಂದು ಕೆಲವರು ಹೇಳಬಹುದು. ಒಪ್ಪತಕ್ಕ ಮಾತೇ. ಆದರೆ ಭೂಮಿ, ಸಂಖ್ಯೆ, ಜಾತಿಯ ಅಂತಸ್ತು ಇವುಗಳಿಂದ ಪ್ರಾಬಲ್ಯವನ್ನು ಅಳೆಯುವ ಆ ಮಾನದಂಡವನ್ನು ಇಡೀ ನಾಡಿಗೆ ಅನ್ವಯಿಸಿದಾಗ, ಈ ಮೂರೂ ಇಲ್ಲದವರು ಸಮಾಜಶಾಸ್ತ್ರದಿಂದಲೇ ಹೊರಗುಳಿಯುತ್ತಾರೆ. ಅಲ್ಲದೆ ಬಯಲಿಗೂ ಕಾಡಿಗೂ ಇರುವ ಸಂಬಂಧ ದೂರದ್ದಲ್ಲ. ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ಕಪಿಲೆಗೆ ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಊರುಗಳೂ ಕಾಡೂ ಮುಳುಗಿದುವು. ನೀರು ಬಯಲಿನ ಗದ್ದೆಗಳಿಗೆ ಹರಿಯಿತು.

ಈ ಗ್ರಂಥದಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಬೇರೊಂದಿದೆ. 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಶ್ರೀನಿವಾಸರು ಸಿದ್ಧಗೊಳಿಸಿದ್ದ ಟಿಪ್ಪಣಿಗಳು ಆಹುತಿಯಾದುವು. ಮುಖ್ಯವಾಗಿ ನೆನಪನ್ನೇ ಆಧರಿಸಿ ಅವರು ಪುಸ್ತಕವನ್ನು ಬರೆದರು. ವಿದ್ವಲ್ಲೋಕವು ಅದನ್ನು ಶಾಸ್ತ್ರಗ್ರಂಥವೆಂದೇ ಸ್ವೀಕರಿಸಿತು. ಹಾಗೆ ಸ್ವೀಕರಿಸಿದ್ದು ಸರಿಯೂ ಹೌದು. ಹಾಗಾದರೆ ಒಬ್ಬ ವಿದ್ವಾಂಸನ ಇಪ್ಪತ್ತೆರಡು ವರ್ಷಗಳ ನೆನಪು ಆಧಾರವಾಗಿ, ಒಂದು ಹಾಡಿಯ ಹಿರಿಯರ ತಲೆಮಾರುಗಳ ನೆನಪು ಐತಿಹ್ಯವಾಗುವುದು ಹೇಗೆ?

ಈ ಪ್ರಶ್ನೆಗೆ ಕಾನೂನು ನಮಗಿಂತ ಮೊದಲೇ ಉತ್ತರಿಸಿದೆ. 1997ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಡೆಲ್ಗಮೂಕ್ ಪ್ರಕರಣದಲ್ಲಿ, ಮೂಲನಿವಾಸಿಗಳ ಮೌಖಿಕ ಚರಿತ್ರೆಗೆ ದಾಖಲೆಗಳಿಗೆ ಸಮನಾದ ಸ್ಥಾನ ಸಲ್ಲಬೇಕೆಂದು ತೀರ್ಪಿತ್ತಿತು. ನಮ್ಮ ದೇಶದ 2006ರ ಅರಣ್ಯ ಹಕ್ಕುಗಳ ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ, ಸಮಾಧಿ ಮತ್ತು ಪವಿತ್ರಸ್ಥಳಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಈ ಕಾಯಿದೆಯಂತೆ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸಮುದಾಯದ ಹಕ್ಕು ದೊರೆಯಿತು. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶಗಳಿಲ್ಲದಿರುವುದರಿಂದ ಈ ಕಾಯಿದೆಯ ಮಹತ್ತ್ವ ಇಲ್ಲಿ ಇನ್ನೂ ಹೆಚ್ಚು.

ಆದರೆ ನಾಗರಹೊಳೆಯ ಸ್ಥಿತಿ ಬೇರೆ. ಉಚ್ಚ ನ್ಯಾಯಾಲಯವು ನೇಮಿಸಿದ, ಮುಜಾಫರ್ ಅಸ್ಸಾದಿಯವರ ಅಧ್ಯಕ್ಷತೆಯ ಸಮಿತಿಯು 2014ರ ವರದಿಯಲ್ಲಿ ಎತ್ತಂಗಡಿಯಾದ 3,418 ಕುಟುಂಬಗಳನ್ನು ಗುರುತಿಸಿತು. 2025ರ ಮೇ ತಿಂಗಳಿನಲ್ಲಿ ಕೆಲವು ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ನೆಲೆಯೆಂದು ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿದಾಗ, ಅಲ್ಲಿ ಹಿಂದೆ ಹಾಡಿ ಇತ್ತೇ ಎಂಬುದೇ ವಿವಾದವಾಯಿತು. ಇದು ಕೇವಲ ಅರಣ್ಯ ಇಲಾಖೆಯ ಪ್ರಶ್ನೆಯಲ್ಲ, ಚರಿತ್ರೆಯ ಪ್ರಶ್ನೆ. ಚರಿತ್ರೆಯನ್ನು ಬೋಧಿಸುವ ನಮ್ಮ ಬಳಿ ಇದಕ್ಕೆ ಸಿದ್ಧವಾದ ಉತ್ತರವಿರಬೇಕಾಗಿತ್ತು.

ಆದಕಾರಣ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಮೇಲಿನ ಮೂರು ಗ್ರಂಥಗಳಲ್ಲಿ ಯಾವುದನ್ನೂ ತಳ್ಳಿಹಾಕಬೇಕಾಗಿಲ್ಲ. ಅವು ಬಯಲಿನ ಚರಿತ್ರೆಯೆಂಬುದನ್ನು ತಿಳಿದು ಓದಿದರೆ ಸಾಕು. ಅವುಗಳ ಪಕ್ಕದಲ್ಲಿ ಇಡಲು ಇನ್ನೊಂದು ಸಂಗ್ರಹ ಬೇಕು. ರೈಸರು ತಾಲ್ಲೂಕು ತಾಲ್ಲೂಕಾಗಿ ಶಾಸನಗಳನ್ನು ಸಂಗ್ರಹಿಸಿದಂತೆ, ಎಲ್ಲೆ ಎಲ್ಲೆಯಾಗಿ, ಹಾಡಿ ಹಾಡಿಯಾಗಿ ಸ್ಥಳನಾಮಗಳನ್ನೂ ಸಮಾಧಿಗಳನ್ನೂ ಹಿರಿಯರ ಹೇಳಿಕೆಗಳನ್ನೂ, ಹೇಳಿದವರ ಒಪ್ಪಿಗೆಯೊಡನೆ, ಅವರ ಮಾತಿನಲ್ಲಿಯೇ ಬರೆದಿಡಬೇಕು. ಒಂದು ಹೇಳಿಕೆಯನ್ನು ಇನ್ನೊಂದರೊಡನೆ, ಎರಡನ್ನೂ ಅರಣ್ಯದ ಹಳೆಯ ಕಡತಗಳೊಡನೆ ಹೋಲಿಸಿ ನೋಡಬೇಕು. ನೆನಪಿಗೂ ಪರೀಕ್ಷೆಯುಂಟು, ಶಾಸನಕ್ಕೆ ಇರುವಂತೆ. ಕಲ್ಲು ಇನ್ನೂ ಕೆಲವು ಕಾಲ ಕಾಯಬಲ್ಲುದು. ಹಿರಿಯರ ನೆನಪಿಗೆ ಅಷ್ಟು ಅವಕಾಶವಿಲ್ಲ.