ಹಸುರು ಮಣಿಯ ಪರೀಕ್ಷೆ

ಕಾವ್ಯದಲ್ಲಿ ಮರಕತವೆಂಬ ಶಬ್ದವು ಬಂದೊಡನೆ ‘ಪಚ್ಚೆ’ ಎಂದು ಅರ್ಥ ಹೇಳಿ ಮುಂದೆ ಸಾಗುವುದು ನಮ್ಮಲ್ಲಿ ವಾಡಿಕೆ. ಪಚ್ಚೆಯೆಂಬುದು ಬಣ್ಣದ ಹೆಸರೂ ಅಹುದು, ರತ್ನದ ಹೆಸರೂ ಅಹುದು. ಆದುದರಿಂದ ಕಡುಹಸುರಿನ ಜೇಡ್ ಶಿಲೆಯೂ ಈ ಒಂದೇ ಹೆಸರಿನೊಳಗೆ ಅಡಗಿಬಿಡಬಹುದು. ಜಾತಿಯನ್ನು ನಿಶ್ಚಯಿಸದೆ ಗುಣವನ್ನು ಹೇಳಹೊರಟರೆ ಓದುಗನಿಗೆ ಅರ್ಥವು ಕೆಡುವುದು. ಕೊಳ್ಳುವವನಿಗೆ ಹಣವು ಕೆಡುವುದು.

ವರಾಹಮಿಹಿರನು 6ನೆಯ ಶತಮಾನದ ಬೃಹತ್ಸಂಹಿತೆಯಲ್ಲಿ ಗಿಳಿಯ ರೆಕ್ಕೆ, ಬಿದಿರೆಲೆ, ಬಾಳೆ, ಶಿರೀಷಪುಷ್ಪ ಇವುಗಳ ಹೋಲಿಕೆಯಿಂದ ಮರಕತದ ಕಾಂತಿಯನ್ನು ತಿಳಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (1126–1138) ಮಾನಸೋಲ್ಲಾಸದಲ್ಲಿ ರತ್ನಪರೀಕ್ಷೆಯನ್ನು ರಾಜಕೋಶದ ವಿಷಯದೊಡನೆ ಸೇರಿಸಿದ್ದಾನೆ. ಇದು ಬರಿಯ ಅಲಂಕಾರದ ಮಾತಲ್ಲ, ಬೊಕ್ಕಸದ ಮಾತೆಂಬುದು ಇದರಿಂದ ಸ್ಪಷ್ಟ. ವರಾಹಮಿಹಿರನ ಉಪಮಾನಗಳನ್ನು ಪರಿಶೀಲಿಸಿದರೆ ಅವೆಲ್ಲವೂ ಬೆಳಕನ್ನು ಒಳಗೊಂಡ ಹಸುರುಗಳೆಂದು ಕಾಣುವುದು; ಕಪ್ಪಿಗೆ ತಿರುಗಿದ ಹಸುರು ಒಂದೂ ಇಲ್ಲ. ಇದು ಆ ಪದ್ಧತಿಯ ಗುಣ. ಆದರೆ ಉಪಮಾನವು ವರ್ಣವನ್ನು ತಿಳಿಸುವುದೇ ಹೊರತು ಜಾತಿಯನ್ನು ತಿಳಿಸದು. ಇದು ಅದರ ಕೊರತೆ.

ಮರಕತವು ಬೆರಿಲ್ ಖನಿಜ. ಅದರ ಕಾಠಿನ್ಯ 7.5ರಿಂದ 8. ಜೇಡ್ ಎಂಬ ಒಂದೇ ಹೆಸರಿನಲ್ಲಿಯೂ ನೆಫ್ರೈಟ್, ಜೇಡೈಟ್ ಎಂಬ ಎರಡು ಜಾತಿಗಳಿವೆಯೆಂದು ಫ್ರಾನ್ಸಿನ ದಾಮೂರನು 1863ರಲ್ಲಿ ತೋರಿಸಿದನು. ಇವುಗಳ ಕಾಠಿನ್ಯವು ಸುಮಾರು 6ರಿಂದ 7. ಮರಕತಕ್ಕಿಂತ ಮೃದುವಾದರೂ ಪೆಟ್ಟಿಗೆ ಸುಲಭವಾಗಿ ಒಡೆಯದಿರುವುದೇ ಇವುಗಳ ಹೆಚ್ಚಳ. ಉತ್ತಮ ಜೇಡೈಟ್ ಉತ್ತರ ಬರ್ಮಾದಲ್ಲಿ, ಎಂದರೆ ಇಂದಿನ ಮ್ಯಾನ್ಮಾರಿನಲ್ಲಿ, ದೊರೆಯುವುದು. ಕ್ರೋಮಿಯಂ ಕೊಟ್ಟ ಹಸುರು ಎಲ್ಲೆಡೆ ಸಮನಾಗಿ ಹರಡಿ, ಬೆಳಕು ಒಳಗೆ ಸುಳಿಯುವಂತಿದ್ದರೆ ಅದಕ್ಕೆ ಹೆಚ್ಚು ಬೆಲೆ. ಬಣ್ಣವು ಕಡುಗಟ್ಟಿ ಬೆಳಕನ್ನು ತಡೆದರೆ ಬೆಲೆ ಇಳಿಯುವುದು. ಬಣ್ಣ ಹಾಕಿದ ಅಥವಾ ರಾಳ ತುಂಬಿದ ಕಲ್ಲನ್ನು ಕಣ್ಣಿನಿಂದಲೇ ನಿರ್ಣಯಿಸಲಾಗದು. ಪ್ರಯೋಗಶಾಲೆಯ ಪರೀಕ್ಷೆ ಅವಶ್ಯಕ.

ಕೊಡಿಗೇನಹಳ್ಳಿ, ಮಧುಗಿರಿಗಳ ಸೀಮೆಯು ಗ್ರಾನೈಟಿನ ನೆಲ. ಅಲ್ಲಿ ಮರಕತಪದವನ್ನು ಬೋಧಿಸುವ ಉಪಾಧ್ಯಾಯನಿಗೆ ತೋರಿಸಲು ಅಂತಹ ಕಲ್ಲು ಸಿಗದು. ನೆರೆಯ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಹಸುರು ಶಿಲೆಯೊಂದುಂಟು. ಅದು ಬೆಣಚುಕಲ್ಲಿನ ಜಾತಿ. ಕ್ರೋಮಿಯಂ ಬೆರೆತ ಕಾಗೆಬಂಗಾರದಿಂದ ಅದಕ್ಕೆ ಆ ಬಣ್ಣ. ಇಂತಹ ಹೊಳಪಿನ ಹಸುರು ಬೆಣಚೇ ಪೇಟೆಯಲ್ಲಿ ‘ಇಂಡಿಯನ್ ಜೇಡ್’ ಎಂಬ ಹೆಸರಿನಿಂದ ಮಾರಾಟವಾಗುವುದು. ಒಳಗೆ ಮಿನುಗುವ ಅಭ್ರಕದ ಕಣಗಳೇ ಅದರ ಗುರುತು.

ಆದಕಾರಣ ಕವಿಯ ಮರಕತಕ್ಕೆ ಟಿಪ್ಪಣಿ ಬರೆಯುವವರು ‘ಹಸುರು ರತ್ನ’ವೆಂದು ನಿಲ್ಲಿಸದೆ ಅದು ಜೇಡ್ ಅಲ್ಲವೆಂಬುದನ್ನೂ ತಿಳಿಸುವುದು ಯುಕ್ತ. ಕವಿಯು ಬಣ್ಣವನ್ನು ನೋಡಿ ಮೆಚ್ಚಬಹುದು. ವಿಮರ್ಶಕನು ಮೊದಲು ಹೆಸರನ್ನು ನಿಶ್ಚಯಿಸಬೇಕು.